ಎತ್ತದ ಎಡಗೈ

ಮೋಟಾರ್‌ಬೈಕ್ ರೇಸ್ ಮುಗಿದ ಮೂರನೆಯ ದಿನ ಕಿನ್ವಿಗ್ ಡಗ್ಲಸ್ ಪಟ್ಟಣದ ಆಸ್ಪತ್ರೆಗೆ ಹೋದ. ಮೊದಲೇ ಹೋಗಬೇಕಿತ್ತು. ಜೊತೆಯ ಸವಾರ ಜುವಾನ್‌ನ ಬಲಗಾಲನ್ನು ಮಂಡಿಯ ಕೆಳಗೆ ತೆಗೆದ ಸುದ್ದಿ ಶನಿವಾರವೇ ಇಡೀ ಮ್ಯಾನ್ ದ್ವೀಪಕ್ಕೆ ಮುಟ್ಟಿತ್ತು.

"ಬಂದ ನೋಡು ಮೂರನೇ ಸ್ಥಾನದವನು," ಅಂದ ಜುವಾನ್, ದಿಂಬಿಗೆ ಒರಗಿಕೊಂಡೇ. "ಮುಂದಿನ ವರ್ಷ ಕಂಪನಿಯವರೇ ನಿನಗೆ ಗಾಡಿ ಕೊಡ್ತಾರಂತೆ? ನಮ್ಮನ್ನೆಲ್ಲ ಮಾತಾಡಿಸ್ತೀಯೋ ಇಲ್ವೋ!"

ಅವನ ಹೆಂಡತಿ ಬ್ರೀಷಾ ಕುರ್ಚಿ ಎಳೆದುಕೊಟ್ಟಳು. "ನೀನಾದ್ರೂ ನೆಟ್ಟಗೆ ಬಂದ್ಯಲ್ಲ. ಇವ್ರು ಬಿದ್ದಿದ್ದು ನಿನಗೂ ಕಾಣಲಿಲ್ವಾ?"

"ಇಲ್ಲ. ಬೆಟ್ಟದ ಮೇಲೆ ಪೂರ್ತಿ ಮಂಜು."

"ಮುಂದಿನ ಚಕ್ರಾನೇ ಕಾಣ್ತಿರ್ಲಿಲ್ಲ ಕಣೇ," ಅಂದ ಜುವಾನ್. "ಹೋಗು, ಇವನಿಗೊಂದು ಟೀ ತಾ."

ಅವಳು ಹೋದಳು.

ಕಿನ್ವಿಗ್‌ಗೆ ಕಾಣದೆ ಏನು! ಕೊನೆಯ ಸುತ್ತು. ತಿರುವಿನಲ್ಲಿ ತಂತಿಬೇಲಿ ಹರಿದಿತ್ತು, ಅದರಾಚೆ ಇಳಿಜಾರಿನಲ್ಲಿ ಮಗುಚಿದ ಗಾಡಿಯ ಚಕ್ರ ಇನ್ನೂ ತಿರುಗುತ್ತಿತ್ತು. ಗಾಡಿಯ ಮೇಲಿನ ಜುವಾನ್‌ನ ನಂಬರನ್ನೂ ಓದಿದ್ದ. ಬಿದ್ದವನನ್ನು ಕಂಡ ಸವಾರ ಮುಂದಿನ ಕಾವಲುಗಾರನ ಗುಡಿಸಲ ಹತ್ತಿರ ವೇಗ ತಗ್ಗಿಸಿ, ಎಡಗೈ ಎತ್ತಿ ಹಿಂದಕ್ಕೆ ತೋರಿಸಬೇಕು; ಕಾವಲುಗಾರ ಫೋನ್ ಮಾಡಿ ಜನ ಕಳಿಸುತ್ತಾನೆ. ಇದು ಯಾವ ನಿಯಮದ ಪುಸ್ತಕದಲ್ಲೂ ಇಲ್ಲ. ಆದರೆ ಎಲ್ಲರೂ ಮಾಡುತ್ತಾರೆ, ದ್ವೇಷ ಇದ್ದವರೂ ಮಾಡುತ್ತಾರೆ. ಆ ಮಂಜಿನಲ್ಲಿ ಕೈ ಕಾಣುವಷ್ಟು ನಿಧಾನಿಸಿದರೆ ಐದಾರು ಸೆಕೆಂಡು ಹೋಗುತ್ತಿತ್ತು. ಹಿಂದಿನವನಿಗಿಂತ ನಾಲ್ಕೇ ಸೆಕೆಂಡು ಮುಂದಿದ್ದೀಯ ಎಂದು ದಾರಿಬದಿಯಲ್ಲಿ ಅವನ ಕಡೆಯವರು ಹಿಡಿದ ಹಲಗೆ ತೋರಿಸಿತ್ತು. ಗುಡಿಸಲು ಬಂತು, ಹೋಯಿತು. ಎಡಗೈ ಹ್ಯಾಂಡಲ್ ಬಿಡಲಿಲ್ಲ. ಇನ್ಯಾರಾದರೂ ತೋರಿಸುತ್ತಾರೆ ಅಂದುಕೊಂಡ. ಯಾರೂ ತೋರಿಸಲಿಲ್ಲ. ಒಂದೂವರೆ ಗಂಟೆ ಬಿಟ್ಟು ಜುವಾನ್ ಸಿಕ್ಕಾಗ ಬೂಟಿನ ತುಂಬ ರಕ್ತ.

"ತಿರುವಲ್ಲಿ ನೀನು ಥ್ರಾಟಲ್ ಮುಚ್ಚಿ ವೇಗ ಇಳಿಸಿದೆ," ಅಂದ ಜುವಾನ್, ಚಾವಣಿ ನೋಡುತ್ತ. "ಆಮೇಲೆ ಪೂರ್ತಿ ತೆಗೆದೆ."

ಕಿನ್ವಿಗ್ ಬಾಗಿಲ ಕಡೆ ನೋಡಿದ.

"ನಿನ್ನ ಇಂಜಿನ್ ಬಿಚ್ಚಿ ಜೋಡಿಸಿದ್ದು ನಾನು ಕಣೋ. ಅದರ ದನಿ ನನಗೆ ಗೊತ್ತಾಗಲ್ವಾ? ಮುಚ್ಚಿದಾಗ, ಸದ್ಯ, ಕಿನ್ವಿಗ್ ನೋಡಿದ ಅಂದ್ಕೊಂಡೆ. ಈಗ ಬರ್ತಾರೆ ಅಂತ ಕಾಯ್ತಾ ಮಲಗಿದ್ದೆ."

ಬ್ರೀಷಾ ಟೀ ತಂದಳು. ಸೊಂಟಕ್ಕೆ ಸಿಕ್ಕಿಸಿದ್ದ ಕಾಗದ ಬಿಡಿಸಿ ಅವನ ತೊಡೆಯ ಮೇಲಿಟ್ಟಳು. "ರೇಸ್ ಸಮಿತಿಗೆ ಅರ್ಜಿ. ಗುಡಿಸಲಲ್ಲಿದ್ದ ಆ ಮುದುಕ ಕೊರ್ಲೆಟ್ಟನ್ನ ತೆಗೀಬೇಕು ಅಂತ. ಫೋನ್ ಪಕ್ಕದಲ್ಲಿಟ್ಕೊಂಡು ನಿದ್ದೆ ಹೊಡೀತಿದ್ದ ಅಂತ ಊರೆಲ್ಲ ಉಗೀತಿದೆ. ಇಪ್ಪತ್ತು ಜನ ಹಾಕಿದ್ದಾರೆ. ನೀನೂ ಒಂದು ಸಹಿ ಹಾಕು, ಈಗ ನಿನ್ನ ಮಾತಿಗೆ ತೂಕ ಇದೆ."

ಕಿನ್ವಿಗ್ ಜುವಾನ್‌ನ ಕಡೆ ನೋಡಿದ. ಜುವಾನ್ ಕಿಟಕಿಯ ಕಡೆ ಮುಖ ತಿರುಗಿಸಿದ.

ಪೆನ್ನು ಕೈಗೆ ಬಂತು. ಮುಚ್ಚಳವನ್ನೂ ತೆಗೆದ. ಅದನ್ನು ಆಮೇಲೆ ಎಷ್ಟು ಸಲ ನೆನೆಸಿಕೊಂಡರೂ ಅವನ ಮೈ ಮುದುಡುತ್ತಿತ್ತು.

"ಕೊರ್ಲೆಟ್‌ದು ತಪ್ಪಿಲ್ಲ," ಅಂದ. "ನಾನು ನೋಡಿದ್ದೆ. ಕೈ ಎತ್ತಲಿಲ್ಲ."

ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಗಂಡನತ್ತ ತಿರುಗಿದಳು. "ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಮೂರು ದಿನ ನಾನು ಆ ಮುದುಕನಿಗೆ ಬಾಯಿಗೆ ಬಂದ ಹಾಗೆ ಬೈತಿದ್ದೆ. ನೀವು ಕೇಳಿಸ್ಕೊಂಡು ಮಲಗಿದ್ರಿ!"

ಅವಳು ಕಿನ್ವಿಗ್‌ನ ತೊಡೆಯ ಮೇಲಿಂದ ಕಾಗದ ಕಿತ್ತುಕೊಂಡಳು. "ಎದ್ದು ಹೋಗು ಇಲ್ಲಿಂದ."

ಕಿನ್ವಿಗ್ ಎದ್ದ. ಏಳಲು ಅವಸರವಾಗಿತ್ತು ಅವನಿಗೆ.

"ಕೂತ್ಕೊಳ್ಳಲಿ ಬಿಡು," ಅಂದ ಜುವಾನ್. "ಹೋದ್ರೆ ಅವನಿಗೇ ಸುಲಭ."

ರೋಗಿಗಳನ್ನು ನೋಡುವ ಸಮಯ ಮುಗಿಯಲು ಇನ್ನೂ ಇಪ್ಪತ್ತು ನಿಮಿಷವಿತ್ತು. ಕಿನ್ವಿಗ್ ಮತ್ತೆ ಕೂತ.