ಹಂಸಾಳ ಓರೆ ಫೋಟೋಗಳು

ಮೂರು ಡಿಗ್ರಿ ಸಾಕಾಗಲಿಲ್ಲ. ಭಾರ್ಗವ ಹೆಬ್ಬೆರಳನ್ನು ಇನ್ನೊಂದಿಷ್ಟು ಎಡಕ್ಕೆ ಜರುಗಿಸಿದ. ಫೋನಿನ ತೆರೆಯ ಮೇಲೆ ತೆಳುವಾದ ಬಿಳಿ ಗೆರೆಗಳ ಜಾಲ ಮೂಡಿತು. ಅದರ ಹಿಂದೆ ದಸರಾ ಗೊಂಬೆಗಳ ಮೆಟ್ಟಿಲುಗಳು ನಿಧಾನವಾಗಿ ತಿರುಗಿ, ಕೆಳಗಿನ ಮೆಟ್ಟಿಲಿನ ಅಂಚು ಗೆರೆಯ ಮೇಲೆ ಬಂದು ಕೂತಿತು. ಅವನಿಗೆ ಉಸಿರು ಹಗುರವಾಯಿತು.

ತಿದ್ದಬೇಡ ಎಂದು ಹೆಂಡತಿ ಹಂಸಾ ಹೇಳಿದ್ದಳು. ಬೆಳಿಗ್ಗೆ ಕಾಫಿ ಲೋಟ ಕೈಗಿಡುವಾಗಲೇ ಹೇಳಿದ್ದಳು.

"ಫೋಟೋ ಎಲ್ಲ ನಿನಗೆ ಹಾಕಿದೀನಿ. ಫ್ಯಾಮಿಲಿ ಗ್ರೂಪಿಗೆ ಹಾಗೇ ಕಳಿಸಿಬಿಡು. ತಿದ್ದಬೇಡ."

"ತಿದ್ದಲ್ಲ."

"ಒಂಚೂರೂ."

"ಆಯ್ತು."

ಭಾರ್ಗವನ ಬಾಯಲ್ಲಿ 'ಆಯ್ತು' ಎಂದರೆ ಒಪ್ಪಿಗೆಯಲ್ಲ, ಮಾತು ಮುಗಿಸುವ ಉಪಾಯ. ಎಂಜಿನಿಯರಿಂಗ್ ಕಾಲೇಜಿನಲ್ಲಿ ಭೂಮಾಪನದ ಪಾಠ ಹೇಳುವ ಅವನಿಗೆ ಓರೆಯಾದದ್ದು ಕಂಡರೆ ಹಲ್ಲಿನ ಸಂದಿಯಲ್ಲಿ ಅಡಿಕೆ ಚೂರು ಸಿಕ್ಕಿಕೊಂಡ ಹಾಗಾಗುತ್ತದೆ. ಹೋಟೆಲಿಗೆ ಹೋದರೂ ಗೋಡೆಯ ದೇವರ ಪಟ ನೆಟ್ಟಗೆ ಮಾಡಿಯೇ ಇಡ್ಲಿಗೆ ಕೈ ಹಾಕುವ ಆಸಾಮಿ. ಮದುವೆಯಿರಲಿ, ಮುಂಜಿಯಿರಲಿ, ಬಳಗದ ಫೋಟೋಗಳೆಲ್ಲ ಅವನ ಹೆಬ್ಬೆರಳಿನ ಕೆಳಗೆ ಹಾದೇ ಗ್ರೂಪಿಗೆ ಹೋಗಬೇಕು. ನೆಂಟರಿಗೆ ಅದು ಅಭ್ಯಾಸವಾಗಿಬಿಟ್ಟಿದೆ.

ಅದರಲ್ಲೂ ಹಂಸಾ ತೆಗೆದ ಫೋಟೋಗಳು. ಒಂದಾದರೂ ನೆಟ್ಟಗಿರುವುದಿಲ್ಲ. ಲಾಲ್‌ಬಾಗಿನ ಬಂಡೆ ಜಾರಿ ಬೀಳುವಂತಿರುತ್ತದೆ, ಬೇಗೂರಿನ ಕೆರೆಯ ನೀರು ಒಂದು ಮೂಲೆಯಿಂದ ಚೆಲ್ಲಿಹೋಗುವಂತಿರುತ್ತದೆ. ಆದರೆ ಆ ಫೋಟೋಗಳಲ್ಲಿ ಜನ ನಗುತ್ತಿರುತ್ತಾರೆ. ಭಾರ್ಗವ ತೆಗೆದವುಗಳಲ್ಲಿ ಜನ ನಿಂತಿರುತ್ತಾರೆ. ಈ ವ್ಯತ್ಯಾಸ ಅವನಿಗೆ ಗೊತ್ತಿತ್ತು, ಹೊಟ್ಟೆಕಿಚ್ಚಿಲ್ಲದೆ ಗೊತ್ತಿತ್ತು. ಅವಳಿಗೆ ಮಾತ್ರ ಹೇಳಿರಲಿಲ್ಲ.

ಇವತ್ತು ವಿಜಯದಶಮಿ. ಸಾಯಂಕಾಲ ಹಂಸಾ ಮನೆ ಬಿಟ್ಟು ಹೋಗುತ್ತಾಳೆ.

ಜಗಳವೇನೂ ಆಗಿರಲಿಲ್ಲ. ಆಗಿದ್ದರೆ ರಾಜಿ ಮಾಡಿಕೊಳ್ಳಲು ಏನಾದರೊಂದು ಸಿಗುತ್ತಿತ್ತು. ಹಬ್ಬಕ್ಕೆ ಮುಂಚೆ ಅವನು ಅಟ್ಟದಿಂದ ಗೊಂಬೆಯ ಪೆಟ್ಟಿಗೆ ಇಳಿಸುತ್ತಿದ್ದಾಗ, ಕೆಳಗೆ ಸ್ಟೂಲು ಹಿಡಿದು ನಿಂತವಳು ಹಾಗೇ ಹೇಳಿದ್ದಳು.

"ತ್ಯಾಗರಾಜನಗರದಲ್ಲಿ ಕಾತ್ಯಾಯಿನಿ ಚಿಕ್ಕಮ್ಮನ ಮಹಡಿ ರೂಮು ಖಾಲಿ ಇದೆ. ಹಬ್ಬ ಮುಗಿಸಿ ಅಲ್ಲಿಗೆ ಹೋಗ್ತೀನಿ."

"ಎಷ್ಟು ದಿನ?"

"ಗೊತ್ತಿಲ್ಲ."

"ಇಲ್ಲೇನು ಸರಿಯಿಲ್ಲ?"

"ಇಲ್ಲಿ ಎಲ್ಲ ಸರಿಯಾಗಿದೆ ಭಾರ್ಗವ. ನಾನೊಬ್ಬಳೇ ಸರಿಯಾಗ್ತಾ ಇಲ್ಲ."

ಹೋಗಬೇಡ ಎನ್ನಬೇಕಿತ್ತು. ಬಾಯಿಗೆ ಬಂದಿತ್ತು ಕೂಡ. "ಪೆಟ್ಟಿಗೆ ಹಿಡ್ಕೋ, ಭಾರ ಇದೆ" ಎಂದ. ಅವಳು ಹಿಡಿದುಕೊಂಡಳು. ಅಂದಿನಿಂದ ಆ ವಿಷಯ ಮನೆಯಲ್ಲಿ ಯಾರೂ ಎತ್ತಿರಲಿಲ್ಲ.

ಎತ್ತಲು ಪುರುಸೊತ್ತಾದರೂ ಎಲ್ಲಿತ್ತು? ಜೆ.ಪಿ. ನಗರದ ಆ ಸಣ್ಣ ಫ್ಲಾಟಿನ ಹಾಲಿನಲ್ಲಿ ಹಂಸಾ ಈ ಸಲ ಬನ್ನೇರುಘಟ್ಟ ರಸ್ತೆಯನ್ನೇ ತಂದು ಕೂರಿಸಿದ್ದಳು. ಬಿಳೇಕಹಳ್ಳಿಯ ಸಿಗ್ನಲ್ಲು, ಅದರಲ್ಲಿ ಸಿಕ್ಕಿಹಾಕಿಕೊಂಡ ದಶಾವತಾರ. ಮತ್ಸ್ಯ ನೀರಿನ ಟ್ಯಾಂಕರಿನಲ್ಲಿ. ಎಲ್ಲರಿಗಿಂತ ಮುಂದೆ ಕೂರ್ಮ, ಹಾಗಾಗಿ ಹಿಂದಿನವರು ಯಾರೂ ಅಲ್ಲಾಡುವ ಹಾಗಿಲ್ಲ. ವರಾಹ ಪೈಪಿಗೆಂದು ರಸ್ತೆ ಅಗೆಯುತ್ತಿದ್ದಾನೆ. ನರಸಿಂಹ ಮೆಟ್ರೋ ಕಂಬ ಸೀಳಿಕೊಂಡು ಬರುತ್ತಿದ್ದಾನೆ. ಕೊಡೆ ಹಿಡಿದ ವಾಮನ ಟ್ರಾಫಿಕ್ ಪೊಲೀಸ್. ಪರಶುರಾಮ ರಸ್ತೆ ಅಗಲ ಮಾಡಲು ಮರಕ್ಕೆ ಕೊಡಲಿ ಇಟ್ಟಿದ್ದಾನೆ. ರಾಮ, ಸೀತೆ, ಲಕ್ಷ್ಮಣ ಮೂವರೂ ಒಂದೇ ಸ್ಕೂಟರಿನಲ್ಲಿ, ಹೆಲ್ಮೆಟ್ಟಿಲ್ಲದೆ. ಬಲರಾಮ ಟ್ರ್ಯಾಕ್ಟರಿನಲ್ಲಿ. ಕೃಷ್ಣ ಆಟೋ ನಿಲ್ಲಿಸಿಕೊಂಡು, ಎಲ್ಲಿಗೂ ಬರಲ್ಲ ಎಂದು ಕೊಳಲು ಊದುತ್ತಿದ್ದಾನೆ. ಕಲ್ಕಿ ಕುದುರೆಯ ಮೇಲೆ ಯಾರದೋ ಊಟದ ಪೊಟ್ಟಣ ಹೊತ್ತು ಫುಟ್‌ಪಾತಿನ ಮೇಲೆ ನುಗ್ಗುತ್ತಿದ್ದಾನೆ.

ಬಣ್ಣ ಹೋದ ಗೊಂಬೆಗಳಿಗೆ ಅವಳೇ ಬಣ್ಣ ಹಚ್ಚಿದ್ದಳು, ಮುರಿದ ಬೆರಳಿಗೆ ಬೆಂಕಿಕಡ್ಡಿ ಅಂಟಿಸಿದ್ದಳು. ಏನೋ ಹೊಳೆದಾಗ ಅವಳ ನಾಲಿಗೆಯ ತುದಿ ತುಟಿಯ ಮೂಲೆಗೆ ಬರುತ್ತದೆ. ಭಾರ್ಗವ ಪೇಪರಿನ ಮರೆಯಿಂದ ಅದನ್ನು ಕದ್ದು ನೋಡಿದ್ದ. ಎಂಥ ಕೈ, ಎಂಥ ತಲೆ ಎನಿಸಿತ್ತು. ಇವಳು ನನ್ನ ಹೆಂಡತಿ ಎಂದು ಎದೆಯುಬ್ಬಿತ್ತು. ಎದ್ದು ಹೋಗಿ ಹೇಳಿದ್ದು ಮಾತ್ರ ಇಷ್ಟು: "ಆ ಮೆಟ್ರೋ ಕಂಬ ಸ್ವಲ್ಪ ಬಲಕ್ಕೆ ವಾಲಿದೆ."

ಹನ್ನೊಂದರ ಹೊತ್ತಿಗೆ ಕೆಳಗಿನ ಮನೆಯ ಸಿದ್ದಗಂಗಮ್ಮ ಬಂದರು. ಗಂಡ ಕೊಟ್ರಪ್ಪನವರಿಗೆ ಬನಶಂಕರಿಯಲ್ಲಿ ಹಾರ್ಡ್‌ವೇರ್ ಅಂಗಡಿ. ಆಕೆ ಈ ಒಂಬತ್ತು ದಿನದಲ್ಲಿ ಬಾರದ ದಿನವಿಲ್ಲ, ಬಂದಾಗಲೆಲ್ಲ ಹೊಸದಾಗಿ ಬೆರಗಾಗುತ್ತಿದ್ದರು.

"ಏನ್ರೀ ಹಂಸಾ, ದೇವ್ರನ್ನೂ ಟ್ರಾಫಿಕ್ಕಲ್ಲಿ ನಿಲ್ಸಿಬಿಟ್ರಲ್ಲ!"

"ನಾವು ದಿನಾ ನಿಲ್ಲಲ್ವಾ ಆಂಟಿ? ಅವರೂ ಒಂಚೂರು ನಿಂತ್ಕೊಳ್ಳಿ."

"ಸಖತ್ತಾಗಿದೆ ಬಿಡಿ. ಸಂಜೆಗೆ ಯಾರನ್ನ ಮಲಗಿಸ್ತೀರಿ? ಕುಚೇಲನ್ನೇನಾ?"

ಗೊಂಬೆ ಕೂರಿಸುವ ಮನೆಗಳಲ್ಲಿ ವಿಜಯದಶಮಿಯ ಸಂಜೆ ಆರತಿ ಎತ್ತಿ, ಒಂದು ಗೊಂಬೆಯನ್ನಾದರೂ ಮಲಗಿಸುತ್ತಾರೆ. ಅಲ್ಲಿಗೆ ಹಬ್ಬ ಮುಗಿದ ಹಾಗೆ. ಹಂಸಾ ಪ್ರತಿ ವರ್ಷ ಕುಚೇಲನನ್ನು ಮಲಗಿಸುತ್ತಿದ್ದಳು, ಪಾಪ, ಅವನು ನಡೆದು ದಣಿದಿದ್ದಾನೆ ಎಂದು.

"ನೋಡೋಣ ಆಂಟಿ" ಎಂದಳು ಹಂಸಾ.

ಸಿದ್ದಗಂಗಮ್ಮನ ಕಣ್ಣು ಮೇಲಿನ ಮೆಟ್ಟಿಲಿಗೆ ಹೋಯಿತು. ಅಲ್ಲಿ ಪಟ್ಟದ ಗೊಂಬೆಗಳು, ಮದುವೆಯಲ್ಲಿ ಹಂಸಾಳ ತವರಿನವರು ಕೊಟ್ಟ ಮರದ ರಾಜ, ರಾಣಿ. ರಾಣಿಯ ಪೀಠ ಸವೆದು ಅವಳು ರಾಜನ ಕಡೆ ಕೊಂಚ ವಾಲುತ್ತಾಳೆ. ಭಾರ್ಗವ ಈ ವರ್ಷವೂ ಅವಳ ಕೆಳಗೊಂದು ರಟ್ಟಿನ ಚೂರು ತುರುಕಿದ್ದ. ಹಂಸಾ ಈ ವರ್ಷವೂ ಅದನ್ನು ಕಿತ್ತು ಹಾಕಿದ್ದಳು.

"ರಾಣಿ ನೋಡಿ, ಹೆಂಗೆ ಗಂಡನ ಭುಜಕ್ಕೇ ಒರಗ್ಕೊಂಡವ್ಳೆ" ಎಂದು ಸಿದ್ದಗಂಗಮ್ಮ ನಕ್ಕರು. "ಏನ್ ಸಾರ್, ನಿಮ್ ಮನೆಯೋರ ಕೈಗೆ ಚಿನ್ನದ ಬಳೆ ತೊಡಿಸಬೇಕು ನೀವು."

"ಹೂಂ" ಎಂದ ಭಾರ್ಗವ. ಹಂಸಾ ಅವನತ್ತ ನೋಡಿದಳು. ಇನ್ನೊಂದು ಮಾತಿಗೆ ಜಾಗವಿತ್ತು. ಅವನು ಫೋನು ನೋಡಿದ.

ಗ್ರೂಪಿನಲ್ಲಿ ಹೊಗಳಿಕೆ ಸುರಿಯುತ್ತಿತ್ತು. ಮೈಸೂರಿನ ಚೂಡಾಮಣಿ ಅತ್ತೆ ಚಪ್ಪಾಳೆಯ ಸಾಲನ್ನೇ ಕಳಿಸಿದ್ದರು. ಅವನು ಓದುತ್ತಾ ಹೋದ. ಪ್ರತಿ ಚಪ್ಪಾಳೆಯೂ ಅವಳದೇ ಎಂದು ಖುಷಿಪಟ್ಟ.

ಸಿದ್ದಗಂಗಮ್ಮ ಕುಂಕುಮ ತೆಗೆದುಕೊಂಡು ಹೋದ ಮೇಲೆ ಹಂಸಾ ತನ್ನ ಫೋನು ಹಿಡಿದು ಬಂದು ಅವನ ಪಕ್ಕ ಕೂತಳು.

"ತಿದ್ದಿದೀಯ."

"ಸ್ವಲ್ಪ. ಮೆಟ್ಟಿಲು ಓರೆ ಇತ್ತು."

"ಮೆಟ್ಟಿಲು ಓರೆ ಇರಲಿಲ್ಲ. ನಾನು ಫೋನ್ ಓರೆ ಹಿಡಿದಿದ್ದೆ."

"ಅದೇ."

"ನಿನ್ನನ್ನ ಸೇರಿಸೋಕೆ."

ಅವನಿಗೆ ಅರ್ಥವಾಗಲಿಲ್ಲ. ಅವಳು ಎದ್ದು ಅಡುಗೆಮನೆಗೆ ಹೋದಳು. ಕಡಲೆಕಾಳಿನ ಉಸಲಿಗೆ ಒಗ್ಗರಣೆ ಸಿಡಿಯಿತು.

ಭಾರ್ಗವ ಫೋಟೋ ತೆರೆದು ತಿದ್ದುಪಡಿಯನ್ನು ರದ್ದು ಮಾಡಿದ. ಚಿತ್ರ ಒಮ್ಮೆ ಹಿಗ್ಗಿ ಮತ್ತೆ ಓರೆಯಾಯಿತು. ನೇರ ಮಾಡುವಾಗ ಮೂಲೆಗಳು ಕತ್ತರಿಸಿ ಹೋಗುತ್ತವೆ. ಅದು ಅವನಿಗೆ ಗೊತ್ತಿದ್ದ ಸಂಗತಿಯೇ. ಆ ಮೂಲೆಯಲ್ಲಿ ಏನಿತ್ತು ಎಂದು ಮಾತ್ರ ನೋಡಿರಲಿಲ್ಲ. ನೋಡುವುದು ಗೆರೆಗಳನ್ನಷ್ಟೆ.

ಬಲಗಡೆಯ ಕೆಳಮೂಲೆಯಲ್ಲಿ ಅವನೇ ಇದ್ದ. ಮೊಣಕಾಲೂರಿ ಕೂತು, ಕಲ್ಕಿಯ ಊಟದ ಪೊಟ್ಟಣವನ್ನು ನೋಡುತ್ತಿದ್ದ. ಯಾರೂ ನೋಡುತ್ತಿಲ್ಲವೆಂದುಕೊಂಡಿದ್ದ. ಬಾಯಿ ಅರ್ಧ ತೆರೆದಿತ್ತು, ಮುಖದ ತುಂಬ ನಗು. ಜಾತ್ರೆಗೆ ಮೊದಲ ಸಲ ಬಂದವನ ಮುಖ. ಒಂಬತ್ತು ದಿನವೂ ಹೇಳದೆ ನುಂಗಿದ್ದೆಲ್ಲ ಆ ಮುಖದಲ್ಲಿತ್ತು, ಮತ್ತು ಹಂಸಾ ಅದನ್ನು ನೋಡಿದ್ದಳು. ಬಳಗಕ್ಕೆಲ್ಲ ತೋರಿಸು ಎಂದು ಅವನ ಕೈಗೇ ಕೊಟ್ಟಿದ್ದಳು.

ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತ. ಅವಳು ಬೆನ್ನು ತಿರುಗಿಸಿ ತೆಂಗಿನಕಾಯಿ ತುರಿಯುತ್ತಿದ್ದಳು.

"ಒರಿಜಿನಲ್ ಹಾಗೇ ಇದೆ" ಎಂದ. "ಏನೂ ಹೋಗಿಲ್ಲ."

"ಇರಲಿ ಬಿಡು."

"ಬೇಕಾದರೆ ಮತ್ತೆ ಹಾಕ್ತೀನಿ."

"ಬೇಡ ಭಾರ್ಗವ. ಎಲ್ಲರೂ ನೋಡಾಯ್ತು."

ಸಂಜೆ ಆರತಿ ಎತ್ತಿದಳು. ಅವಳ ಬ್ಯಾಗು ಚಪ್ಪಲಿ ಸ್ಟ್ಯಾಂಡಿನ ಪಕ್ಕ ಆಗಲೇ ಬಂದು ಕೂತಿತ್ತು. ಅದನ್ನು ದಾಟಿ ಓಡಾಡುವುದು ಅವನಿಗೆ ಆಗುತ್ತಿರಲಿಲ್ಲ. ಉಸಲಿಯ ಡಬ್ಬಿ ಕಂಡಿತು.

"ಇದನ್ನ ಕೆಳಗೆ ಕೊಟ್ಟು ಬರ್ತೀನಿ."

"ಈಗಲೇನಾ?"

"ಐದೇ ನಿಮಿಷ."

ಹಂಸಾ ಏನೋ ಹೇಳಲು ಬಾಯಿ ತೆರೆದಳು. "ಆಯ್ತು" ಎಂದಳು. ಆ ಮಾತು ಅವಳ ಬಾಯಲ್ಲಿ ಕೇಳಿ ಅವನಿಗೆ ಚುರುಕ್ಕೆಂದಿತು. ಆದರೂ ಇಳಿದ.

ಕೊಟ್ರಪ್ಪ ಬಿಡಲಿಲ್ಲ. ಕೂರಿಸಿದರು, ಮಂಡಕ್ಕಿ ಕೊಟ್ಟರು, ಸಿಮೆಂಟಿನ ಬೆಲೆ ಹೇಳಿದರು. ಬಿಡಿಸಿಕೊಳ್ಳಲು ಭಾರ್ಗವನೂ ಅಷ್ಟಾಗಿ ಹೆಣಗಲಿಲ್ಲ. ಹೊರಡುವಾಗ ಅವರು ದೇವರ ಮುಂದಿನಿಂದ ಬನ್ನಿಯ ಎಲೆಗಳನ್ನು ತಂದು ಅವನ ಅಂಗೈಗೆ ಹಾಕಿದರು.

"ತಗೊಳ್ಳಿ ಸಾರ್. ನಾವು ನೀವು ಬಂಗಾರದಂಗೆ ಇರಾಣ. ಇದು ಮೇಡಂಗೆ. ನಿಮ್ ಕೈಯಾರೆ ಕೊಟ್ಟು, ನೀವೇ ಹೇಳ್ಬೇಕು."

"ಏನಂತ?"

"ಇಷ್ಟೇ ಸಾರ್. ಬಂಗಾರದಂಗೆ ಇರಾಣ ಅಂತ. ಓದಿದೋರಿಗೆ ಇದನ್ನೂ ಹೇಳ್ಕೊಡ್ಬೇಕಾ?" ಸಿದ್ದಗಂಗಮ್ಮ ಒಳಗಿನಿಂದ ನಕ್ಕರು.

ಭಾರ್ಗವ ಮೆಟ್ಟಿಲ ಬುಡದಲ್ಲಿ ನಿಂತ. ಬಂಗಾರದ ಹಾಗೆ ಇರೋಣ. ಎಷ್ಟು ಸುಲಭದ ಮಾತು, ಎಲ್ಲರೂ ಹೇಳುವ ಮಾತು. ಊರಿಗೆ ಊರೇ ಇವತ್ತು ಹೇಳುವ ಮಾತನ್ನು ತಾನೂ ಹೇಳಿದರೆ ಯಾರಿಗೂ ಮುಜುಗರವಿಲ್ಲ. ತುಟಿಯಲ್ಲೇ ಒಮ್ಮೆ ಹೇಳಿ ನೋಡಿದ. ಬಂತು. ಎಲೆಗಳನ್ನು ಮುಷ್ಟಿಯಲ್ಲಿ ಹಿಡಿದು, ಒಂದೊಂದು ಸಲಕ್ಕೆ ಎರಡೆರಡು ಮೆಟ್ಟಿಲು ಹತ್ತತೊಡಗಿದ. ಸುಮ್ಮನೆ ಸಂತೋಷವಾಗುತ್ತಿತ್ತು.

ತಿರುವಿನಲ್ಲಿ ಆಟೋದ ಸದ್ದು ಕೇಳಿತು. ಗ್ರಿಲ್ಲಿನಿಂದ ಬಗ್ಗಿ ನೋಡಿದ. ಗೇಟಿನ ಮುಂದೆ ನಿನ್ನೆ ಆಯುಧಪೂಜೆಗೆ ಒಡೆದ ಬೂದುಗುಂಬಳದ ಕೆಂಪು ಹೋಳುಗಳ ಮೇಲೆ ಹಾದು, ಆಟೋ ಮುಖ್ಯರಸ್ತೆಯ ಕಡೆ ತಿರುಗಿತು. ಹಂಸಾ ಕಟ್ಟಡದ ಹಿಂಬದಿಯ ಇನ್ನೊಂದು ಮೆಟ್ಟಿಲಿಳಿದು ಹೋಗಿದ್ದಳು. ಒಳಗೆ ಅವಳ ಹಸಿರು ಸೆರಗಿನ ಅಂಚು ಕಂಡಿತೋ, ಕಂಡಿತೆನಿಸಿತೋ. ಕೂಗಬಹುದಿತ್ತು. ಅಕ್ಕಪಕ್ಕದವರು ಏನೆಂದುಕೊಂಡಾರು ಎಂಬುದು ಕೂಗಿಗಿಂತ ಮೊದಲು ಬಂತು.

ಜೇಬಿನಲ್ಲಿ ಫೋನು ಟಿಣ್ ಎಂದಿತು. ಹಂಸಾ. ಮಾತಿಲ್ಲ, ಒಂದು ಫೋಟೋ ಅಷ್ಟೆ.

ಮೆಟ್ಟಿಲ ಮೇಲೆ ದೀಪ ಇನ್ನೂ ಹಾಕಿರಲಿಲ್ಲ. ಆ ಮಬ್ಬಿನಲ್ಲಿ ತೆರೆ ಹೊಳೆಯಿತು. ರಾಜ, ರಾಣಿ. ಅಡ್ಡಕ್ಕೆ ಬಂದಿತ್ತು ಫೋಟೋ, ಅವಳ ಫೋಟೋಗಳು ಎಂದು ನೆಟ್ಟಗೆ ಬಂದಿವೆ? ಹೆಬ್ಬೆರಳು ತಾನಾಗಿಯೇ ಹೋಗಿ ತಿರುಗಿಸುವ ಗುಂಡಿ ಒತ್ತಿತು. ರಾಜ, ರಾಣಿ ಎದ್ದು ನಿಂತರು. ರಾಣಿ ಈ ಸಲ ಸ್ವಲ್ಪವೂ ವಾಲಿರಲಿಲ್ಲ. ಅವಳಿಗೇ ವಾಪಸು ಕಳಿಸಿದ. ಕೆಳಗೆ ಬರೆದ: 'ಈಗ ಸರಿಯಾಯ್ತು. ತುಂಬಾ ಚೆನ್ನಾಗಿದೆ.' ತುಂಬಾ ಚೆನ್ನಾಗಿದೆ ಎಂದು ಕೊನೆಗೂ ಬರೆದದ್ದಕ್ಕೆ ಅವನಿಗೇ ಅವನ ಮೇಲೆ ಮೆಚ್ಚುಗೆಯಾಯಿತು.

ಸಂದೇಶದ ಕೆಳಗಿನ ಎರಡು ಟಿಕ್‌ಗಳು ನೀಲಿಯಾದವು. ಉಳಿದ ಮೆಟ್ಟಿಲು ಹತ್ತಿದ.

ಬಾಗಿಲು ಸುಮ್ಮನೆ ಮುಂದಕ್ಕೆಳೆದಿತ್ತು. ಹಾಲಿನಲ್ಲಿ ದಶಾವತಾರ ಇನ್ನೂ ಸಿಗ್ನಲ್ಲಿಗೆ ಕಾಯುತ್ತಿತ್ತು. ಕುಚೇಲ ತನ್ನ ಗಂಟು ಹಿಡಿದು ನಿಂತೇ ಇದ್ದ. ಮೇಲಿನ ಮೆಟ್ಟಿಲಿನಲ್ಲಿ ನಂದಾದೀಪದ ಪಕ್ಕ ಪಟ್ಟದ ಗೊಂಬೆಗಳನ್ನು ಮಲಗಿಸಿದ್ದಳು. ಇಬ್ಬರಿಗೂ ಸೇರಿ ಒಂದು ರೇಷ್ಮೆಯ ಚೂರು ಹೊದಿಸಿ, ಅಂಚನ್ನು ಒಳಕ್ಕೆ ಮಡಿಚಿ, ಮಕ್ಕಳನ್ನು ಮಲಗಿಸುವಷ್ಟು ಜತನದಿಂದ ಮಲಗಿಸಿದ್ದಳು.

ಭಾರ್ಗವ ಫೋನನ್ನು ನೋಡಿದ. ಅಲ್ಲಿ, ರೇಷ್ಮೆ ಹೊದಿಸುವ ಮುಂಚೆ ತೆಗೆದ ಚಿತ್ರದಲ್ಲಿ, ರಾಜ, ರಾಣಿ ಎದೆಯುಬ್ಬಿಸಿ ನಿಂತಿದ್ದರು. ಅವರ ತಲೆಯ ಮೇಲೆ ನಂದಾದೀಪ ಅಡ್ಡಬಿದ್ದಿತ್ತು. ಅದರ ಜ್ವಾಲೆ ಮೇಲಕ್ಕಲ್ಲ, ತೆರೆಯ ಪಕ್ಕದಂಚಿನ ಕಡೆಗೆ ಅಡ್ಡಕ್ಕೆ ಉರಿಯುತ್ತಿತ್ತು.

ಮುಷ್ಟಿ ಬಿಚ್ಚಿದ. ಬನ್ನಿಯ ಎಲೆಗಳು ಬೆವರಿಗೆ ಅಂಗೈಗಂಟಿಕೊಂಡಿದ್ದವು. ದೀಪವನ್ನಾದರೂ ನೆಟ್ಟಗೆ ಮಾಡೋಣವೆಂದು ಫೋನನ್ನು ಎಡಕ್ಕೆ ತಿರುಗಿಸಿದ. ಚಿತ್ರ ಒಂದು ಕ್ಷಣ ತಡೆದು, ಅದೂ ತಿರುಗಿತು. ಬಲಕ್ಕೆ ತಿರುಗಿಸಿದ. ಮತ್ತೆ ತಿರುಗಿತು. ಅವನು ಹೇಗೆ ಹಿಡಿದರೂ ರಾಜ, ರಾಣಿ ನಿಂತೇ ಇದ್ದರು, ದೀಪ ಮಲಗಿಯೇ ಉರಿಯುತ್ತಿತ್ತು.