ಹೆಲ್ವಿ ಸಲೂನಿನ ಗ್ಲೌಸು

ಐಲಾಳ ಕೈ ಮತ್ತೆ ಒಡೆದಿತ್ತು. ನಮ್ಮೂರು ಥಂಡರ್ ಬೇ ಚಳಿಗೆ ಎಲ್ಲರ ಕೈಯೂ ಒಣಗುತ್ತದೆ. ಅವಳದ್ದು ಹಾಗಲ್ಲ, ಬೆರಳ ಸಂದು ಬಿರಿದು ನೀರು ಒಸರುತ್ತಿತ್ತು. ಕತ್ತರಿ ಹಿಡಿದರೆ ಹೆಬ್ಬೆರಳ ಬುಡದಲ್ಲಿ ರಕ್ತ. ಅವಳ ಗಿರಾಕಿಯೊಬ್ಬಳು ಕನ್ನಡಿಯಲ್ಲಿ ಅದನ್ನು ನೋಡಿ, "ಅಂಟುತ್ತಾ ಅದು?" ಎಂದು ಕೇಳಿಯೇಬಿಟ್ಟಳು. ಪಕ್ಕದ ಕುರ್ಚಿಯ ಹತ್ತಿರ ಕೆಲಸ ಮಾಡುತ್ತಿದ್ದ ನನಗೆ ಮೈಯೆಲ್ಲ ಉರಿಯಿತು.

"ಅಂಟೋ ಹಾಗಿದ್ರೆ ಇಷ್ಟೊತ್ತಿಗೆ ನನಗೆ ಬಂದಿರ್ತಿತ್ತು" ಎಂದೆ. ಆಕೆ ಮತ್ತೆ ನಮ್ಮ ಸಲೂನಿಗೆ ಬರಲಿಲ್ಲ.

ಸಲೂನಿನ ಒಡತಿ ಹೆಲ್ವಿ ಗಲ್ಲಾದ ಹಿಂದೆ ಕೂತು ಎಲ್ಲವನ್ನೂ ನೋಡುತ್ತಿದ್ದಳು. ಸಂಜೆ ಐಲಾಳನ್ನು ಕರೆದು, "ಈಸ್ಟರ್ ತನಕ ಕಾಯ್ತೀನಿ ಕಣೆ. ಅಷ್ಟರಲ್ಲಿ ಕೈ ಸರಿಹೋಗದಿದ್ರೆ ನಿನ್ನ ಕುರ್ಚಿ ಬೇರೆಯವರಿಗೆ ಕೊಡ್ಬೇಕಾಗುತ್ತೆ. ಗಿರಾಕಿಗಳು ಹೆದರ್ತಾರೆ" ಎಂದಳು. ಐಲಾಗೆ ಬೇರೆ ಕೆಲಸ ಗೊತ್ತಿಲ್ಲ, ಬೇಕಾಗಿಯೂ ಇಲ್ಲ.

ಹಾಗಂತ ಅವಳೇನು ಸುಮ್ಮನೆ ಕೂತಿರಲಿಲ್ಲ. ಚರ್ಮದ ಡಾಕ್ಟರು ಬೆನ್ನಿಗೆ ಸಾಲಾಗಿ ಪಟ್ಟಿ ಅಂಟಿಸಿ ಪರೀಕ್ಷೆ ಮಾಡಿದ್ದರು. ಕೂದಲಿನ ಬಣ್ಣದಲ್ಲಿರುವ ಒಂದು ರಾಸಾಯನಿಕ ಅವಳ ಮೈಗೆ ಆಗುವುದಿಲ್ಲವಂತೆ. ಕೈ ಕೆರಳಿದಾಗ ಸ್ಟೀರಾಯ್ಡ್ ಮುಲಾಮು, ತೊಳೆದಾಗಲೆಲ್ಲ ವಾಸನೆಯಿಲ್ಲದ ದಪ್ಪ ಮುಲಾಮು, ಮಲಗುವಾಗ ಅದರ ಮೇಲೆ ಹತ್ತಿಯ ಗ್ಲೌಸು, ಬಣ್ಣ ಮುಟ್ಟುವಾಗ ತೆಳು ರಬ್ಬರಿನಂಥ ನೀಲಿ ನೈಟ್ರೈಲ್ ಗ್ಲೌಸು. ಎಲ್ಲವನ್ನೂ ಚಾಚೂ ತಪ್ಪದೆ ಮಾಡುತ್ತಿದ್ದಳು. ರಜೆಯಲ್ಲಿ ಬಿರುಕು ಮಾಯುತ್ತಿತ್ತು. ಕೆಲಸಕ್ಕೆ ಬಂದ ವಾರದೊಳಗೆ ಮತ್ತೆ ಅದೇ ಪಾಡು.

"ಗ್ಲೌಸ್ ಹಾಕ್ಕೊಂಡ್ರೂ ಹೀಗಂದ್ರೆ ಇನ್ನೇನ್ ಮಾಡ್ಲಿ, ಹೇಳು" ಎಂದು ಅತ್ತಳು. ಸಮಾಧಾನ ಮಾಡುವುದು ನನಗೆ ಬರುವುದಿಲ್ಲ. "ಅಳೋದು ಬಿಟ್ಟು ಡಾಕ್ಟರ ಹತ್ರ ನಡಿ, ನಾನೂ ಬರ್ತೀನಿ" ಎಂದು ಎಳೆದುಕೊಂಡು ಹೋದೆ.

"ಗ್ಲೌಸ್ ಹೇಗೆ ಹಾಕ್ತೀರಿ, ತೋರಿಸಿ" ಎಂದರು ಡಾಕ್ಟರು.

ಐಲಾ ಚೀಲದಿಂದ ಒಂದು ಜೊತೆ ತೆಗೆದು, ಉಫ್ ಎಂದು ಊದಿ, ಒಳಮಗ್ಗುಲನ್ನು ಹೊರಗೆ ತಿರುಗಿಸಿ ಹಾಕಿಕೊಂಡಳು.

"ತಿರುಗಿಸಿದ್ದು ಯಾಕೆ?"

"ಬೆಳಗ್ಗೆ ಹೊರಮಗ್ಗುಲಲ್ಲಿ ಬಣ್ಣ ಹಚ್ಚಿದ್ದಾಯ್ತು. ತೊಳೆದು ಒಣಗಿಸಿ ತಿರುಗಿಸಿದ್ರೆ ಮಧ್ಯಾಹ್ನಕ್ಕೂ ಆಗುತ್ತೆ."

ಇದರಲ್ಲಿ ನನಗೂ ತಪ್ಪೇನೂ ಕಾಣಲಿಲ್ಲ. ಕೆಲಸಕ್ಕೆ ಸೇರಿದ ದಿನವೇ ಹೆಲ್ವಿ ನಮಗೆಲ್ಲ ಹೇಳಿಕೊಡುವ ಮೊದಲ ಪಾಠ ಅದು. ಡಾಕ್ಟರು ಹಣೆ ಚಚ್ಚಿಕೊಳ್ಳದೆ ಇದ್ದದ್ದೇ ದೊಡ್ಡದು.

"ಬಣ್ಣ ಹತ್ತಿದ ಮಗ್ಗುಲನ್ನೇ ಮಧ್ಯಾಹ್ನವೆಲ್ಲ ಕೈಗೆ ಒತ್ತಿಟ್ಕೊಂಡಿದ್ದೀರಲ್ಲಮ್ಮ! ತೊಳೆದ್ರೆ ಪೂರ್ತಿ ಹೋಗಲ್ಲ ಅದು. ಒಂದು ಸಲ ಹಾಕಿದ್ದು ನೇರ ಕಸಕ್ಕೆ."

ಹೆಲ್ವಿಗೆ ಹೇಳಿದರೆ ರೇಗಿದಳು. "ದಿನಾ ಡಬ್ಬಿ ಡಬ್ಬಿ ಎಸೆಯೋಕೆ ಇದೇನು ನಿಮ್ಮಪ್ಪನ ಮನೆ ಗಂಟಾ?"

"ಐಲಾ ಪಾಲಿಂದು ನಾನೇ ತರ್ತೀನಿ ಬಿಡಿ. ಈಸ್ಟರ್ ತನಕ ಟೈಮ್ ಕೊಟ್ಟಿದ್ದೀರಿ, ಅಲ್ಲೀವರೆಗೆ ಮಾತಾಡ್ಬೇಡಿ" ಎಂದೆ ನಾನೂ.

ಈಸ್ಟರಿನ ಹಿಂದಿನ ದಿನ ಅಂಗಡಿ ಮುಚ್ಚುವ ಹೊತ್ತಿಗೆ ಹೆಲ್ವಿ ಕರೆದಳು. ಐಲಾ ಗಲ್ಲಾದ ಮೇಲೆ ಎರಡೂ ಕೈ ಚಾಚಿದಳು. ಬಿರುಕುಗಳು ಮುಚ್ಚಿದ್ದವು. ಹೊಸ ಚರ್ಮ ಇನ್ನೂ ತೆಳ್ಳಗೆ, ಗುಲಾಬಿಯಾಗಿತ್ತು. ಹೆಲ್ವಿ ಕೈ ಮಗುಚಿ ನೋಡಿದಳು, ಬೆರಳ ಸಂದುಗಳನ್ನು ಸವರಿದಳು.

"ರಜೆ ಹಾಕದೇನೇ ವಾಸಿಯಾಯ್ತಾ?"

"ಹೂಂ. ಒಂದು ದಿನಾನೂ ಹಾಕಿಲ್ಲ."

"ಬಣ್ಣಾನೂ ಹಚ್ತಿದ್ದೀಯಾ?"

"ಹಚ್ತಿದ್ದೀನಲ್ಲ, ನೀವೇ ನೋಡ್ತಿದ್ದೀರಿ. ಕುರ್ಚಿ ನಂದೇ ತಾನೇ?"

"ನಿಂದೇ" ಎಂದಳು ಹೆಲ್ವಿ. ಆದರೆ ಹಿಡಿದ ಕೈ ಬಿಡಲಿಲ್ಲ. "ನಾನು ಕತ್ತರಿ ಕೆಳಗಿಟ್ಟು ಗಲ್ಲಾಕ್ಕೆ ಕೂತಾಗ ಇನ್ನೂ ನಲವತ್ತು ತುಂಬಿರಲಿಲ್ಲ ಕಣೆ. ನಾನೂ ಗ್ಲೌಸ್ ತಿರುಗಿಸಿ ಹಾಕ್ತಿದ್ದೆ, ನನ್ನದೂ ಹೀಗೇ ಒಡೀತಿತ್ತು. ನನ್ನ ಕೈಯೇ ಸರಿಯಿಲ್ಲ ಅಂದ್ಕೊಂಡೆ."

ಜಗಳಕ್ಕೆಂದೇ ಸೊಂಟ ಕಟ್ಟಿ ನಿಂತಿದ್ದ ನಾನು ಸ್ಟೂಲೊಂದನ್ನು ಎಳೆದು ಗಲ್ಲಾದ ಪಕ್ಕ ಕೂತೆ.

"ನನ್ನಷ್ಟು ಚೆನ್ನಾಗಿ ಬಣ್ಣ ಹಚ್ಚೋರು ಈ ಊರಲ್ಲೇ ಇರ್ಲಿಲ್ಲ" ಎಂದಳು ಹೆಲ್ವಿ.