ಎರಡು ಚೆಂಡು ಮಲ್ಲಿಗೆ

ಫೋನು ರಿಂಗಾದಾಗ ಅದು ಅಮ್ಮಣಿಯ ಕೈಯಲ್ಲಿರಲಿಲ್ಲ. ಪ್ಲಾಸ್ಟಿಕ್ ತಟ್ಟೆಯೊಂದರಲ್ಲಿ, ಶಶಿಪ್ರಭಾಳ ಬ್ಯಾಗಿನ ಪಕ್ಕದಲ್ಲಿ ಮಲಗಿ ತಪಾಸಣೆಯ ಯಂತ್ರದ ಕಡೆಗೆ ಸಾಗುತ್ತಿತ್ತು. ಗಾಜಿನ ಮೇಲೆ ಮೋಕ್ಷಿತಾಳ ಫೋಟೋ ಮೂಡಿತು. ಅಮ್ಮಣಿ ಕೈ ಚಾಚಿದಳು. ಸಮವಸ್ತ್ರದ ಹೆಂಗಸು ನಗುತ್ತಲೇ ಏನೋ ಹೇಳಿ ಅಂಗೈ ಅಡ್ಡ ಹಿಡಿದಳು. ತಟ್ಟೆ ರಬ್ಬರಿನ ಪಟ್ಟಿಗಳ ಒಳಗೆ ನುಸುಳಿತು. ಒಳಗಿನಿಂದಲೂ ಸ್ವಲ್ಪ ಹೊತ್ತು ಸದ್ದು ಬರುತ್ತಿತ್ತು. ಆಚೆ ಬದಿಯಲ್ಲಿ ಕೈಗೆ ಸಿಕ್ಕುವಾಗ ನಿಂತುಹೋಗಿತ್ತು.

"ಮಗಳದ್ದು," ಎಂದಳು ಅಮ್ಮಣಿ.

"ಹೊರಗೆ ಹೋದ ಮೇಲೆ ಮಾಡುವ ಅಮ್ಮಣಿಯಕ್ಕ," ಎಂದಳು ಶಶಿಪ್ರಭಾ. "ಇಲ್ಲಿ ನಿಲ್ಲಲಿಕ್ಕೆ ಬಿಡುವುದಿಲ್ಲ."

ನಾರಾವಿಯ ಅಮ್ಮಣಿ ಬಾಣಂತಿಯರನ್ನು ಮೀಯಿಸುವವಳು. ಅತ್ತೆಯಿಂದ ಕಲಿತ ಕೆಲಸ. ಬೆಳ್ತಂಗಡಿಯಿಂದ ಮೂಡಬಿದಿರೆಯವರೆಗೆ ಅವಳ ಕೈಯಲ್ಲಿ ಮಿಂದ ಮಕ್ಕಳಿಗೆ ಈಗ ಮಕ್ಕಳಾಗಿವೆ. ವಾಮದಪದವಿನ ಶಶಿಪ್ರಭಾಳೂ ಅವರಲ್ಲಿ ಒಬ್ಬಳು. ಅವಳ ಹೆರಿಗೆಗೆಂದು ಅಮೆರಿಕದ ಫಿಲಡೆಲ್ಫಿಯಾಕ್ಕೆ ಹೊರಟಿದ್ದ ತಾಯಿ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡಾಗ, ಆ ಮನೆಯವರು ಬಂದು ಅಮ್ಮಣಿಯ ಅಂಗಳದಲ್ಲಿ ಕೂತಿದ್ದರು. ಮಗಳು ಮೋಕ್ಷಿತಾ ಆಗ ನಾಲ್ಕು ತಿಂಗಳ ಬಸುರಿ. ಅಮ್ಮಣಿ ಬೆರಳು ಮಡಚಿ ನೋಡಿದಳು. ವಾಪಸು ಬಂದ ಮೇಲೂ ಮಗಳ ಹೆರಿಗೆಗೆ ಮೂರು ವಾರ ಉಳಿಯುತ್ತಿತ್ತು. ಒಪ್ಪಿಕೊಂಡಳು.

ಮಗು ಅವಳು ವಾಪಸು ಬರುವವರೆಗೂ ಕಾಯಲಿಲ್ಲ. ಕಳೆದ ಬುಧವಾರ ಮೋಕ್ಷಿತಾಳಿಗೆ ರಕ್ತದೊತ್ತಡ ಏರಿ ಕಣ್ಣು ಮಂಜಾಯಿತು. ಗಂಡ ವಸಂತ ಅವಳನ್ನು ಜೀಪಿನಲ್ಲಿ ಮಂಗಳೂರಿಗೆ ಒಯ್ದ. ಆಪರೇಶನ್ ಮಾಡಿ ತೆಗೆದ ಹೆಣ್ಣುಮಗು ಒಂದೂವರೆ ದಿನ ಬದುಕಿತ್ತು. ವಸಂತ ಅದನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಊರಿಗೆ ತಂದು, ಮನೆಯ ಹಿಂದೆ ಮಣ್ಣು ಮಾಡಿ, ಸಂಜೆಗೆ ಮತ್ತೆ ಆಸ್ಪತ್ರೆಗೆ ಹೋಗಿದ್ದ.

ಅದಕ್ಕೂ ಹದಿನೈದು ದಿನ ಮೊದಲು ಮಗಳು ಹೇಳಿದ್ದಳು: "ಕಾಲು ಬಾತಿದೆ ಅಮ್ಮ." "ಇಳಿಬಿಟ್ಟು ಕೂತದ್ದಕ್ಕೆ, ದಿಂಬಿನ ಮೇಲೆ ಇಟ್ಟು ಮಲಗು," ಎಂದಿದ್ದಳು ಅಮ್ಮಣಿ. ಪಕ್ಕದಲ್ಲಿದ್ದಿದ್ದರೆ ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದಳು. ಬಿದ್ದ ಗುಳಿ ಹಾಗೇ ಉಳಿದರೆ ಆಗಲೇ ರಿಕ್ಷಾ ತರಿಸುತ್ತಿದ್ದಳು. ಊರಿನ ಎಷ್ಟೋ ಬಸುರಿಯರನ್ನು ಹಾಗೆ ಉಂಡ ತಟ್ಟೆಯ ಮುಂದಿನಿಂದಲೇ ಎಬ್ಬಿಸಿ ಕಳಿಸಿದ್ದಳು. ವಿಡಿಯೋದಲ್ಲಿ ಮಗಳ ಮುಖ ಮಾತ್ರ ಕಾಣುತ್ತಿತ್ತು. ಮುಖ ತುಂಬಿಕೊಂಡಿತ್ತು. ಬಸುರಿ ಕಳೆ ಎಂದು ಅಮ್ಮಣಿ ಸಂತೋಷಪಟ್ಟಿದ್ದಳು.

ಶಶಿಪ್ರಭಾಳ ಗಂಡ ತರುಣ್ ಎರಡು ದಿನ ಟಿಕೆಟಿಗಾಗಿ ಒದ್ದಾಡಿದ್ದ. ಹತ್ತು ದಿನಕ್ಕೆ ಮೊದಲು ಸೀಟಿರಲಿಲ್ಲ. ಈ ಭಾನುವಾರ ಅಮ್ಮಣಿಗೆ ಊರು ತೋರಿಸುವುದೆಂದು ತಿಂಗಳ ಹಿಂದೆಯೇ ನಿಶ್ಚಯವಾಗಿತ್ತು. ಈಗ ಅದು ಬೇಡ, ಬಿಡುವ ಎಂದ ಅವನು. "ಮನೆಯಲ್ಲಿದ್ದರೆ ಅವರು ಗೋಡೆ ನೋಡ್ತಾ ಕೂತಿರ್ತಾರೆ," ಎಂದಳು ಶಶಿಪ್ರಭಾ. ಅಮ್ಮಣಿ ಸೀರೆಯ ಮೇಲೆ ಸ್ವೆಟರ್ ಹಾಕಿಕೊಂಡು ಕಾರಿನಲ್ಲಿ ಕೂತಳು.

ತಪಾಸಣೆ ದಾಟಿ ಒಳಗೆ ಹೋದರೆ ಒಂದು ಗಂಟೆಯ ಸುತ್ತ ಜನ ಮುತ್ತಿಕೊಂಡಿದ್ದರು. ದೊಡ್ಡ ಕಂಚಿನ ಗಂಟೆ, ಬಾಯಿಯಿಂದ ಮೇಲಕ್ಕೆ ಸೀಳಿತ್ತು.

"ಒಡೆದದ್ದಲ್ವಾ ಇದು?" ಎಂದಳು ಅಮ್ಮಣಿ.

"ಹೌದು. ಈಗ ಬಾರಿಸುವುದಿಲ್ಲ. ಇವರ ಸ್ವಾತಂತ್ರ್ಯದ ಗುರುತು ಅಂತ ಇಟ್ಟುಕೊಂಡಿದ್ದಾರೆ," ಎಂದ ತರುಣ್. ಇನ್ನೂ ಹೇಳಲಿಕ್ಕಿತ್ತು, ಅವಳ ಮುಖ ನೋಡಿ ನಿಲ್ಲಿಸಿದ. ಅವಳು ಫೋನನ್ನು ನೋಡುತ್ತಿದ್ದಳು. ಗಂಟೆ ಹನ್ನೊಂದು. ಊರಲ್ಲಿ ರಾತ್ರಿ ಎಂಟೂವರೆ, ವಾರ್ಡಿನಲ್ಲಿ ಊಟ ಮುಗಿಯುವ ಹೊತ್ತು.

ಹೊರಗೆ ರಸ್ತೆಯಾಚೆ ಕೆಂಪು ಇಟ್ಟಿಗೆಯ ಹಳೇ ಸಭಾಭವನ. ಈ ದೇಶದವರು ತಮ್ಮನ್ನು ತಾವೇ ಆಳಿಕೊಳ್ಳುವುದೆಂದು ಸಹಿ ಹಾಕಿದ್ದು ಅಲ್ಲಿಯಂತೆ. ಒಳಗೆ ಬಿಡುವುದು ಹನ್ನೆರಡಕ್ಕೆ. ತರುಣ್ ಕಾಫಿ ತರಲು ಹೋದ. ಶಶಿಪ್ರಭಾ ಶೌಚಾಲಯ ಹುಡುಕಿಕೊಂಡು ಹೋದಳು. ಮೂರು ತಿಂಗಳ ಶಿಶಿರ್‌ನನ್ನು ಹೆಗಲಿಗೆ ಹಾಕಿಕೊಂಡು ಅಮ್ಮಣಿ ಮರದಡಿಯ ಬೆಂಚಿನಲ್ಲಿ ಕೂತು ಮಗಳಿಗೆ ಕರೆ ಮಾಡಿದಳು.

"ಅಮ್ಮ," ಎಂದಳು ಮೋಕ್ಷಿತಾ.

"ಹೇಳು ಮಗಾ. ಊಟ ಆಯ್ತಾ? ಜ್ವರ ಉಂಟಾ?"

"ಹಾಲು ಬರ್ತಾ ಉಂಟು ಅಮ್ಮ."

ಅಮ್ಮಣಿ ಕಣ್ಣು ಮುಚ್ಚಿದಳು. ನಾಲ್ಕನೇ ದಿನ. ಬರುವ ಹೊತ್ತೇ.

"ಎದೆ ಕಲ್ಲಿನ ಹಾಗಾಗಿದೆ. ರವಿಕೆ ಪೂರಾ ಒದ್ದೆ. ಎಂತ ಮಾಡುವುದು?"

"ನರ್ಸಮ್ಮನ ಹತ್ರ ಹೇಳಿದಿಯಾ?"

"ಹೇಗೆ ಹೇಳುವುದು? ಇಲ್ಲಿ ಎಲ್ಲರ ಹತ್ರ ಮಗು ಉಂಟು. ಆಚೆ ಮಂಚದ್ದು ಅಳುವಾಗೆಲ್ಲ ನನಗೆ ಇಳೀತದೆ."

"ಹಿಂಡಬೇಡ," ಎಂದಳು ಅಮ್ಮಣಿ. ಅವಳ ಸ್ವರ ತಾನಾಗಿ ಕೆಲಸದ ಸ್ವರವಾಯಿತು. "ಹಿಂಡಿದಷ್ಟೂ ಬರ್ತದೆ. ಮಲ್ಲಿಗೆ ತರಿಸು. ಅರಳಿದ್ದು ಆಗಬೇಕು. ಎದೆಯ ಮೇಲೆ ಇಟ್ಟು ಹತ್ತಿ ಬಟ್ಟೆ ಸುತ್ತಿ ಕಟ್ಟು. ಹೂ ಬಾಡಿದರೆ ಬದಲಿಸು. ಎರಡು ಮೂರು ದಿನದಲ್ಲಿ ನಿಲ್ತದೆ. ನೋವು ಜಾಸ್ತಿಯಾದರೆ ನಾಚಬೇಡ, ಡಾಕ್ಟರ ಹತ್ರ ಹೇಳು."

"ನೀನು ಕಟ್ಟಿದ್ದುಂಟಾ? ಯಾರಿಗಾದ್ರೂ?"

"ಉಂಟು."

ಐದೋ ಆರೋ ಮಂದಿಗೆ ಕಟ್ಟಿದ್ದಳು. ಕಟ್ಟುವಾಗ ಅವರ ಮುಖ ನೋಡುತ್ತಿರಲಿಲ್ಲ. ಬೆನ್ನ ಹಿಂದೆ ಕೂತು ಗಂಟು ಹಾಕುತ್ತಿದ್ದಳು.

ಹೆಗಲ ಮೇಲೆ ಶಿಶಿರ್ ಮಿಸುಕಿ ಸಣ್ಣಗೆ ರಾಗ ತೆಗೆದ. ಅಮ್ಮಣಿ ಫೋನನ್ನು ದೂರ ಹಿಡಿದಳು. ತಡವಾಗಿತ್ತು.

"ಅದು ಶಶಿಯಕ್ಕನ ಮಗುವಾ?" ಎಂದಳು ಮೋಕ್ಷಿತಾ.

"ಹೂಂ."

"ನಿನ್ನ ಹತ್ರ ಉಂಟಾ ಈಗ?"

ಅಮ್ಮಣಿ ಮಗುವನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡಳು. ಆ ಕಡೆ ಫೋನು ಕೈ ಬದಲಾಯಿತು.

"ಅತ್ತೆ, ಮಲ್ಲಿಗೆ ಎಷ್ಟು ಚೆಂಡು ತರಬೇಕು?" ವಸಂತನ ಸ್ವರ. ಮೆಟ್ಟಿಲು ಇಳಿಯುತ್ತಿದ್ದ.

"ಎರಡು ಸಾಕು. ಅಂಗಡಿ ಮುಚ್ಚಿರ್ಲಿಕ್ಕಿಲ್ಲ ಅಲ್ವಾ?"

"ಇಲ್ಲ, ಗೇಟಿನ ಹೊರಗೇ ಉಂಟು ಒಂದು." ಅವನು ನಿಂತ. ರಸ್ತೆಯ ಗದ್ದಲದ ನಡುವೆ ಹೂವಿನವಳೊಬ್ಬಳು ಯಾರೊಂದಿಗೋ ನಗುವುದು ಕೇಳಿಸಿತು. "ನಿನ್ನೆ ಇವಳೇ ಕೇಳಿದ್ದಳು ಅತ್ತೆ, ಗಂಡಾ ಹೆಣ್ಣಾ ಅಂತ. ಹೆಣ್ಣು ಅಂದು ಹಾಗೇ ಬಂದೆ."

"ಇವತ್ತೂ ಏನೂ ಹೇಳಬೇಡ ಮಾರಾಯ. ಹೂ ತೆಗೆದುಕೊಂಡು ಬಾ."

ಕರೆ ನಿಂತಿತು. ಶಿಶಿರ್ ಅವಳ ಕತ್ತಿನ ಹತ್ತಿರ ಬಾಯಿ ಆಡಿಸುತ್ತಿದ್ದ, ಹಸಿವು. ಅಮ್ಮಣಿ ಎದ್ದು ಅತ್ತಿತ್ತ ನಡೆದಳು, ಬೆನ್ನು ತಟ್ಟಿದಳು. ಶಶಿಪ್ರಭಾ ಇನ್ನೂ ಕಾಣಲಿಲ್ಲ. ಸಭಾಭವನದ ಬಾಗಿಲಲ್ಲಿ ಸಾಲು ಕಟ್ಟತೊಡಗಿತ್ತು.

ಗುಲಾಬಿ ಅಂಗಿಯ ಹೆಂಗಸೊಬ್ಬಳು ಅವಳೆದುರು ಬಂದು ನಿಂತಳು. ಫೋಟೋ ತೆಗೆಯುವ ಸನ್ನೆ ಮಾಡಿ, ಮಗುವಿನ ಕೆನ್ನೆ ನೋಡಿ ಮುಗುಳ್ನಕ್ಕು, ತನ್ನ ಫೋನನ್ನು ಅಮ್ಮಣಿಯ ಖಾಲಿ ಕೈಯಲ್ಲಿಟ್ಟಳು. ಆಮೇಲೆ ಓಡಿಹೋಗಿ ಗಂಡನ ಪಕ್ಕ ಸೇರಿಕೊಂಡಳು. ಅವರ ನಡುವೆ ಇಬ್ಬರು ಹೆಣ್ಣುಮಕ್ಕಳು, ಹಿಂದೆ ಕೆಂಪು ಇಟ್ಟಿಗೆಯ ಗೋಪುರ. ಸಣ್ಣವಳಿಗೆ ಮುಂದಿನ ಹಲ್ಲು ಬಿದ್ದಿತ್ತು.

ಅಮ್ಮಣಿ ಒಂದು ಕೈಯಲ್ಲಿ ಮಗುವನ್ನು ಸರಿಪಡಿಸಿಕೊಂಡು ಇನ್ನೊಂದು ಕೈಯಲ್ಲಿ ಫೋನನ್ನೆತ್ತಿ ಹಿಡಿದಳು. ನಾಲ್ವರೂ ಅದರೊಳಗೆ ಬಂದರು. ಮುಂದೆ ಏನು ಮಾಡಬೇಕೆಂದು ಅವಳಿಗೆ ತಿಳಿಯಲಿಲ್ಲ. ಅವರು ಒಬ್ಬರಿಗೊಬ್ಬರು ಒತ್ತಿಕೊಂಡು, ನಗು ಸಡಿಲಿಸದೆ, ಅವಳನ್ನೇ ನೋಡುತ್ತಾ ನಿಂತಿದ್ದರು.